ಕೀ ತೂತಿನೊಳಗೊಂದು ಕಣಜ

ಎಲ್ಲರಿಗೂ ನಮಸ್ಕಾರ. ಬಾಗಿಲ ಹತ್ತಿರ ನಿಂತವರು ಒಳಗೆ ಬನ್ನಿ, ಮುಂದೆ ಎರಡು ಸಾಲು ಖಾಲಿ ಇವೆ. ಹೊರಗೆ ಜಿಟಿಜಿಟಿ ಹಿಡಿದಿದೆ. ಧಾರವಾಡದ ಮಳೆ ನಿಮಗೆ ಗೊತ್ತಲ್ಲ, ಜೋರಾಗಿ ಬರುವುದೂ ಇಲ್ಲ, ಬಿಟ್ಟು ಹೋಗುವುದೂ ಇಲ್ಲ. ಅಂಥದ್ದರಲ್ಲಿ ಭಾನುವಾರ ಬೆಳಿಗ್ಗೆ ಇಷ್ಟು ಜನ ಬಂದಿದ್ದೀರಿ, ಅದರಲ್ಲಿ ಅರ್ಧ ಜನ ಹೊರಗೆ ಮಾಡುತ್ತಿರುವ ಗಿರ್ಮಿಟ್ಟಿನ ವಾಸನೆಗೆ ಬಂದವರು ಅಂತ ನನಗೆ ಗೊತ್ತು, ಇರಲಿ.

ನನಗೆ ಕೊಟ್ಟ ವಿಷಯ ಜೀವಲೋಕದ ವಿಚಿತ್ರಗಳು. ನಾನು ಮೊದಲು ದೊಡ್ಡ ದೊಡ್ಡ ಪ್ರಾಣಿಗಳ ಪಟ್ಟಿ ಮಾಡಿಕೊಂಡಿದ್ದೆ. ನೀಲಿ ತಿಮಿಂಗಿಲ, ಮೂರು ಹೃದಯದ ಆಕ್ಟೋಪಸ್, ಹಿಂಗೆ. ಆಮೇಲೆ ಹೋದ ವಾರ ನನ್ನ ಸ್ಕೂಟರಿಗೆ ಒಂದು ಘಟನೆ ಆಯಿತು, ಪಟ್ಟಿ ಹರಿದು ಹಾಕಿದೆ.

ಏನಾಯಿತು ಅಂದರೆ, ನಾನು ಹದಿನೈದು ದಿನ ಊರಲ್ಲಿರಲಿಲ್ಲ. ಬಂದು ಗಾಡಿ ತೆಗೆಯೋಣ ಅಂದರೆ ಕೀ ಒಳಗೇ ಹೋಗುತ್ತಿಲ್ಲ. ತಿರುವಿದೆ, ಒತ್ತಿದೆ, ಎಣ್ಣೆ ಬಿಟ್ಟೆ. ಊಹೂಂ. ಕೊನೆಗೆ ಓಣಿಯ ಮೆಕ್ಯಾನಿಕ್ ಹುಡುಗನನ್ನು ಕರೆದೆ. ಅವನು ಸಣ್ಣ ತಂತಿ ಹಾಕಿ ಕೆದರಿದ, ಒಣಗಿದ ಮಣ್ಣು ಉದುರಿತು. ಇನ್ನೂ ಕೆದರಿದ, ಹಸಿರು ಬಣ್ಣದ ಸಣ್ಣ ಕೀಡೆಗಳು ಒಂದೊಂದಾಗಿ ಹೊರಬಿದ್ದವು. ಏಳು ಇದ್ದವು, ಎಣಿಸಿದ್ದೇನೆ.

"ಸರ, ಇದರಾಗ ಯಾರೋ ಮನಿ ಕಟ್ಯಾರ್ರೀ" ಅಂದ. ಆಮೇಲೆ ಒಂದು ಕೀಡೆಯನ್ನು ತಂತಿಯಿಂದ ಮುಟ್ಟಿದ. ಅದು ಸ್ವಲ್ಪ ಮಿಸುಕಾಡಿತು. "ಅಯ್ಯ, ಇವು ಸತ್ತಿಲ್ಲಲ್ರೀ!"

ಸತ್ತಿರಲಿಲ್ಲ. ಹಂಗಂತ ಬದುಕಿದ್ದವು ಅಂತಲೂ ಹೇಳಲಾಗುವುದಿಲ್ಲ. ಅವುಗಳ ನಡುವೆ ಒಂದು ಹಳದಿ ಮರಿಹುಳ ಕೂತು ಆರಾಮಾಗಿ ಊಟ ಮಾಡುತ್ತಿತ್ತು.

ಇದು ಕಣಜದ ಕೆಲಸ. ನಮ್ಮ ಭಾಷೆಯಲ್ಲಿ ಕಣಜ ಅಂದರೆ ಕುಟುಕುವ ಹುಳವೂ ಹೌದು, ಕಾಳು ತುಂಬಿಡುವ ಜಾಗವೂ ಹೌದು. ಈ ಮಾತು ಹೆಂಗೆ ಒಂದಾಯಿತೋ ಭಾಷೆಯವರು ಹೇಳಬೇಕು, ಆದರೆ ನನಗಂತೂ ಬಹಳ ಸರಿ ಅನಿಸುತ್ತದೆ. ಯಾಕೆಂದರೆ ಈ ಹುಳ ಮಾಡುವುದೇ ಅದು, ಕಣಜ ತುಂಬುವುದು. ನಮ್ಮ ಹಿರಿಯರು ಹಗೇವು ತೋಡಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು, ಇದೂ ಹಂಗೇ ಮಣ್ಣಿನ ಕೋಣೆ ಕಟ್ಟಿ ಮಕ್ಕಳಿಗೆ ಊಟ ತುಂಬಿ ಬಾಯಿ ಮುಚ್ಚುತ್ತದೆ. ಒಂದೇ ಒಂದು ತೊಂದರೆ. ಜೋಳ ಕೆಡುವುದಿಲ್ಲ, ಮಾಂಸ ಕೆಡುತ್ತದೆ. ಕೀಡೆಯನ್ನು ಕೊಂದು ಇಟ್ಟರೆ ಎರಡೇ ದಿನಕ್ಕೆ ಕೊಳೆತು ಹೋಗುತ್ತದೆ. ಕೊಲ್ಲದೆ ಇಟ್ಟರೆ ತೆವಳಿಕೊಂಡು ಹೋಗುತ್ತದೆ. ಅದಕ್ಕೆ ತಾಯಿ ಕಣಜ ಹುಡುಕಿಕೊಂಡ ದಾರಿ ನಡುವಿನದು. ಕೀಡೆಯ ನರಗಳ ಗಂಟು ಇರುವ ಕಡೆಗೇ ಕುಟುಕುತ್ತದೆ. ಕೀಡೆಗೆ ಲಕ್ವಾ ಹೊಡೆದಂತೆ ಆಗುತ್ತದೆ, ಆದರೆ ಉಸಿರು ಇರುತ್ತದೆ. ಫ್ರಿಜ್ ಇಲ್ಲದೆ ವಾರಗಟ್ಟಲೆ ತಾಜಾ.

ಮೊಟ್ಟೆಯನ್ನು ಎಲ್ಲಿ ಇಡುತ್ತದೆ ಅಂತ ಕೇಳಿ. ಕೀಡೆಗಳ ಮೇಲೆ ಅಲ್ಲ. ಈ ಗುಂಪಿನ ಕಣಜಗಳು ಕೋಣೆ ಖಾಲಿ ಇರುವಾಗಲೇ, ಛಾವಣಿಯಿಂದ ಒಂದು ಎಳೆ ಇಳಿಬಿಟ್ಟು ಅದರ ತುದಿಗೆ ಮೊಟ್ಟೆ ತೂಗುಹಾಕುತ್ತವೆ. ತೊಟ್ಟಿಲು ಅನ್ನಿ. ಕೆಳಗೆ ಕೀಡೆಗಳು ಅಲ್ಪಸ್ವಲ್ಪ ಹೊರಳಾಡಿದರೂ ಮೊಟ್ಟೆಗೆ ಪೆಟ್ಟಾಗುವುದಿಲ್ಲ. ಆಮೇಲೆ ಮರಿ ಇಳಿದು ಒಂದಾದ ಮೇಲೊಂದು ತಿನ್ನುತ್ತ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಗೂಡಿನೊಳಗೇ ಕೋಶ ಕಟ್ಟಿಕೊಂಡು, ರೆಕ್ಕೆ ಬಂದ ಮೇಲೆ ಮಣ್ಣು ಕೊರೆದು ಹಾರಿಹೋಗುತ್ತದೆ.

ಈಗ ಇಲ್ಲಿ ಕೂತ ಹಿರಿಯರಿಗೆ ಒಂದು ಮಾತು. ಮಠದಲ್ಲಿ ಪುರಾಣ, ಪ್ರವಚನ ಕೇಳಿದವರಿಗೆ ಈ ಕತೆ ಹೊಸದಲ್ಲ ಅಲ್ವಾ? ಕೀಟ ಭ್ರಮರ ನ್ಯಾಯ. ಭ್ರಮರ ಒಂದು ಹುಳವನ್ನು ತಂದು ಗೂಡಿನಲ್ಲಿ ಇಟ್ಟು ಮುಚ್ಚುತ್ತದೆ, ಹೊರಗೆ ಗುಂಯ್ ಅಂತ ಸುತ್ತುತ್ತದೆ, ಒಳಗಿನ ಹುಳ ಭ್ರಮರವನ್ನೇ ನೆನೆಸಿ ನೆನೆಸಿ ತಾನೂ ಭ್ರಮರ ಆಗಿಬಿಡುತ್ತದೆ. ಗುರುವನ್ನು ನೆನೆದ ಶಿಷ್ಯ ಗುರುವೇ ಆಗುವ ಹಾಗೆ. ನನ್ನ ಅಜ್ಜಿ ಲಕ್ಷ್ಮೇಶ್ವರದ ಹತ್ತಿರದ ಹಳ್ಳಿಯವಳು, ಗೋಡೆಯ ಮೇಲಿನ ಮಣ್ಣಿನ ಗೂಡು ತೋರಿಸಿ ಹೇಳುತ್ತಿದ್ದಳು, "ಮುಟ್ಟಬ್ಯಾಡೋ ತಮ್ಮಾ, ಒಳಗ ಹುಳ ತಪಸ್ಸಿಗಿ ಕುಂತೈತಿ."

ನಾನು ಬಯಾಲಜಿ ಓದಿ ಬಂದ ಹೊಸತರಲ್ಲಿ ಇದಕ್ಕೆ ನಕ್ಕಿದ್ದೆ. ಈಗ ನಗುವುದಿಲ್ಲ. ಯೋಚಿಸಿ ನೋಡಿ, ಆ ಕಾಲದವರು ಎಷ್ಟು ಹೊತ್ತು ಕೂತು ನೋಡಿರಬೇಕು! ಒಂದು ಹುಳ ಇನ್ನೊಂದು ಹುಳವನ್ನು ಜೀವಂತ ತಂದಿತು, ಗೂಡು ಮುಚ್ಚಿತು, ಎಷ್ಟೋ ದಿನದ ಮೇಲೆ ಅದೇ ಗೂಡಿನಿಂದ ತಂದವರಂಥದೇ ಹುಳ ಹೊರಬಂತು. ನೋಡಿದ್ದೆಲ್ಲ ಸರಿಯೇ. ಮಣ್ಣಿನ ಬಾಗಿಲ ಒಳಗೆ ನಡೆದದ್ದು ಮಾತ್ರ ಕಾಣಲಿಲ್ಲ, ಅದನ್ನು ತಪಸ್ಸು ಅಂತ ತುಂಬಿಕೊಂಡರು. ಒಳಗೆ ನಡೆದದ್ದು ಊಟ. ಶಿಷ್ಯ ಗುರು ಆಗಲಿಲ್ಲ, ಗುರುವಿನ ಮಗನ ಹೊಟ್ಟೆ ಸೇರಿದ.

ಇವತ್ತು ನಾನು ಹೇಳುವುದೆಲ್ಲ ಇಂಥವೇ. ನಮ್ಮ ಅಂಗಳದಲ್ಲಿ, ಹೊಲದಲ್ಲಿ, ಕೆರೆಯಲ್ಲಿ ನಮ್ಮವರು ಅರ್ಧ ಸರಿಯಾಗಿ ನೋಡಿದ ಸಂಗತಿಗಳು. ಉಳಿದರ್ಧ ನಾವು ಕಟ್ಟಿದ ಕತೆಗಿಂತ ವಿಚಿತ್ರ ಇದೆ, ಅದಕ್ಕೇ ಹೇಳಬೇಕು ಅನಿಸಿತು.

ಹುಡುಗರಿಗೆ ಒಂದು ಒಗಟು. ಅವನಿಗೆ ಅಪ್ಪ ಇಲ್ಲ, ಆದರೆ ಅಜ್ಜ ಇದ್ದಾನೆ. ಗಂಡುಮಗ ಹುಟ್ಟುವುದಿಲ್ಲ, ಮೊಮ್ಮಗ ಹುಟ್ಟಬಹುದು. ಯಾರು?

ಯಾರೂ ಹೇಳುವುದಿಲ್ಲವಾ? ಗಂಡು ಕಣಜ. ಗಂಡು ಜೇನು, ಗಂಡು ಇರುವೆ ಎಲ್ಲ ಸಾಮಾನ್ಯವಾಗಿ ಹಂಗೇ. ಈ ಗುಂಪಿನಲ್ಲಿ ಹೆಣ್ಣು ಒಮ್ಮೆ ಕೂಡಿ ಗಂಡಿನ ವೀರ್ಯವನ್ನು ಹೊಟ್ಟೆಯ ಸಣ್ಣ ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಮೊಟ್ಟೆ ಇಡುವಾಗ ಚೀಲದ ಬಾಯಿ ತೆರೆದರೆ ಮೊಟ್ಟೆ ಫಲವಾಗಿ ಹೆಣ್ಣಾಗುತ್ತದೆ. ತೆರೆಯದಿದ್ದರೆ, ಅಂದರೆ ಗಂಡಿನ ಪಾಲು ಇಲ್ಲದೆಯೇ ಹುಟ್ಟಿದರೆ, ಅದು ಗಂಡು. ಅಪ್ಪ ಇಲ್ಲ, ಆದರೆ ಅವ್ವನಿಗೆ ಅಪ್ಪ ಇದ್ದನಲ್ಲ, ಹಾಗಾಗಿ ಅಜ್ಜ ಇದ್ದಾನೆ. ಗಂಡೋ ಹೆಣ್ಣೋ ಅನ್ನುವುದು ತಾಯಿಯ ಕೈಯಲ್ಲಿದೆ. ಬಿದಿರು ಕೊಳವೆಯಂಥ ಉದ್ದ ತೂತಿನಲ್ಲಿ ಸಾಲಾಗಿ ಕೋಣೆ ಕಟ್ಟುವ ಕಣಜಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಹಿಂದಿನ ಕೋಣೆಗಳಲ್ಲಿ ಹೆಣ್ಣು ಮೊಟ್ಟೆ, ಬಾಗಿಲ ಹತ್ತಿರ ಗಂಡು ಮೊಟ್ಟೆ. ಗಂಡುಗಳು ಬೇಗ ಬೆಳೆದು ಮೊದಲು ಹೊರಬೀಳುತ್ತವೆ. ಹಿಂದೆ ಇದ್ದವು ಮೊದಲು ಎದ್ದರೆ ಮುಂದಿನವರನ್ನು ತುಳಿದುಕೊಂಡೇ ಹೋಗಬೇಕಲ್ಲ, ನಮ್ಮ ಸಿಟಿ ಬಸ್ಸಿನ ಹಾಗೆ. ಹೆಣ್ಣುಮಕ್ಕಳ ಕೋಣೆಗೆ ಊಟವೂ ಜಾಸ್ತಿ ತುಂಬುತ್ತದೆ, ಯಾಕೆಂದರೆ ಮುಂದೆ ಗೂಡು ಕಟ್ಟಿ ಬೇಟೆಯಾಡಿ ದುಡಿಯುವವರು ಅವರೇ. ನನ್ನ ಮನೆಯಾಕೆಗೆ ಇದನ್ನು ಹೇಳಿದಾಗ, "ಇದರಾಗ ವಿಚಿತ್ರ ಏನೈತ್ರೀ?" ಅಂದಳು.

ಕಣಜದ ವಿಷಯ ಬಿಡುವ ಮೊದಲು ಜಿರಳೆ ಕಣಜದ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಹಸಿರು ನೀಲಿ ಮಿಂಚುವ ಮೈ, ತೊಡೆ ಕೆಂಪು, ಆಭರಣದಂಗೆ ಇರುತ್ತದೆ. ನಮ್ಮ ದೇಶದಲ್ಲೂ ಇದೆ. ಇದು ತನಗಿಂತ ದೊಡ್ಡ ಜಿರಳೆಯನ್ನು ಹಿಡಿಯುತ್ತದೆ. ಅಷ್ಟು ದೊಡ್ಡದನ್ನು ಹೊತ್ತುಕೊಂಡು ಹಾರಲಾಗುವುದಿಲ್ಲ. ಏನು ಮಾಡಬೇಕು? ಮೊದಲು ಎದೆಗೆ ಒಂದು ಕುಟುಕು, ಮುಂಗಾಲು ಕೆಲವು ನಿಮಿಷ ಬೀಳುತ್ತವೆ. ಆ ಸಂದಿನಲ್ಲಿ ಎರಡನೆಯ ಕುಟುಕು, ನೇರ ಮೆದುಳಿಗೆ. ತಲೆಯೊಳಗೆ ಕೊಂಡಿ ಆಡಿಸಿ ಬೇಕಾದ ಜಾಗವನ್ನು ಹುಡುಕಿಯೇ ವಿಷ ಬಿಡುತ್ತದೆ. ಆಮೇಲೆ ಜಿರಳೆಗೆ ನಡೆಯುವ ಶಕ್ತಿ ಇದೆ, ನಡೆಯಬೇಕು ಅನ್ನುವ ಮನಸ್ಸು ಮಾತ್ರ ಹೋಗಿರುತ್ತದೆ. ಮಗುಚಿ ಹಾಕಿದರೆ ತಿರುಗಿಕೊಳ್ಳುತ್ತದೆ, ನೀರಿಗೆ ಬಿಟ್ಟರೆ ಈಜುತ್ತದೆ, ಆದರೆ ತಾನಾಗಿ ಓಡಿಹೋಗುವುದಿಲ್ಲ. ಕಣಜ ಅದರ ಮೀಸೆ ಹಿಡಿದು, ಮೂಗುದಾಣ ಹಿಡಿದು ಎತ್ತನ್ನು ಕರೆದೊಯ್ಯುವ ಹಾಗೆ, ತನ್ನ ಬಿಲದ ತನಕ ನಡೆಸಿಕೊಂಡು ಹೋಗುತ್ತದೆ. ಜಿರಳೆ ತನ್ನ ಕಾಲ ಮೇಲೆ ನಡೆದುಕೊಂಡು ತನ್ನ ಗೋರಿಗೆ ಹೋಗುತ್ತದೆ. ಇಸ್ರೇಲಿನ ವಿಜ್ಞಾನಿ ಫ್ರೆಡರಿಕ್ ಲಿಬರ್ಸಾಟ್ ಮತ್ತು ಅವರ ಜೊತೆಯವರು ಈ ಒಂದು ಕುಟುಕಿನ ಮೇಲೆ ಎಷ್ಟೋ ವರ್ಷ ಕೆಲಸ ಮಾಡಿದ್ದಾರೆ. ಒಂದು ಜೀವಿಗೆ ಹೊರಡಬೇಕು ಅನ್ನುವ ಇಚ್ಛೆ ಮೆದುಳಿನ ಯಾವ ಮೂಲೆಯಲ್ಲಿ ಹುಟ್ಟುತ್ತದೆ ಅನ್ನುವ ಪ್ರಶ್ನೆಗೆ ಈ ಕಣಜಕ್ಕೆ ನಮಗಿಂತ ಮೊದಲೇ ಉತ್ತರ ಗೊತ್ತಿತ್ತು ಅಂದಹಾಗಾಯಿತು.

ಸಾಕು, ಹೊಟ್ಟೆ ತೊಳಸುತ್ತಿದೆ ಅಂತ ಅಲ್ಲಿ ಒಬ್ಬರು ಮುಖ ಮಾಡುತ್ತಿದ್ದಾರೆ. ಹಣ್ಣಿನ ಕಡೆ ಹೋಗೋಣ.

ಅತ್ತಿ ಹಣ್ಣು. ಹೊರಗೆ ಕೆಂಪಗೆ ಚೆಂದ, ಬಿಚ್ಚಿ ನೋಡಿದರೆ ಒಳಗೆಲ್ಲ ಹುಳ. ಯಾರನ್ನಾದರೂ ಬಯ್ಯಬೇಕಾದರೆ ಈ ಗಾದೆ ಎಳೆದು ತರುತ್ತೇವೆ. ಹಳ್ಳ ಇರುವ ಊರಲ್ಲೆಲ್ಲ ಅತ್ತಿ ಗಿಡ ಇರುತ್ತದೆ. ನೀವೆಲ್ಲ ಅದರ ಹಣ್ಣು ನೋಡಿದ್ದೀರಿ. ಅತ್ತಿ ಹೂವನ್ನು ಯಾರಾದರೂ ನೋಡಿದ್ದೀರಾ? ಕೈ ಎತ್ತಿ.

ಒಬ್ಬರೂ ಇಲ್ಲ. ಆದರೆ ಹಣ್ಣು ಬಿಚ್ಚಿ ನೋಡಿದವರೆಲ್ಲ ಹೂ ನೋಡಿದ್ದೀರಿ. ನಾವು ಹಣ್ಣು ಅನ್ನುವುದೇ ಒಳಮುಖ ಮಡಚಿಕೊಂಡ ಹೂಗೊಂಚಲು. ಒಳಗೆ ನೂರಾರು, ಕೆಲವೊಮ್ಮೆ ಸಾವಿರಾರು ಸಣ್ಣ ಹೂ ಇರುತ್ತವೆ. ಹೊರಗಿನ ದುಂಬಿ, ಜೇನು ಯಾವುದೂ ಒಳಗೆ ಹೋಗಲಾಗುವುದಿಲ್ಲ. ಕಾಯಿಯ ತುದಿಯಲ್ಲಿ ಒಂದು ಸಣ್ಣ ಕಿಂಡಿ ಇದೆ, ಅದೂ ಪದರ ಪದರವಾಗಿ ಬಿಗಿದುಕೊಂಡಿರುತ್ತದೆ. ಆ ಕಿಂಡಿಯಲ್ಲಿ ತೂರಬಲ್ಲದ್ದು ಎರಡು ಮಿಲಿಮೀಟರ್ ಆಸುಪಾಸಿನ ಒಂದು ಕಣಜ. ನೋಡಿ, ಮತ್ತೆ ಕಣಜವೇ ಬಂತು, ನಾನೇನು ಮಾಡಲಿ.

ಹೆಣ್ಣು ಕಣಜ ವಾಸನೆ ಹಿಡಿದು ಬರುತ್ತದೆ. ಕಿಂಡಿಯಲ್ಲಿ ನುಗ್ಗುವಾಗ ರೆಕ್ಕೆ ಮುರಿದು ಬೀಳುತ್ತವೆ, ಮೀಸೆಯ ತುಂಡೂ ಹೋಗಬಹುದು. ಇನ್ನು ವಾಪಸ್ ಬರುವ ಮಾತೇ ಇಲ್ಲ. ಒಳಗೆ ಕತ್ತಲೆ. ಎದೆಯ ಎರಡು ಸಣ್ಣ ಕಿಸೆಗಳಲ್ಲಿ ತಾನು ಹುಟ್ಟಿದ ಕಾಯಿಯಿಂದ ತುಂಬಿ ತಂದ ಪರಾಗ ಇರುತ್ತದೆ, ಅದನ್ನು ಮುಂಗಾಲಿನಿಂದ ತೆಗೆದು ಹೂಗಳ ಮೇಲೆ ಹಚ್ಚುತ್ತದೆ. ಅರೆ, ಮೈಗೆ ಅಂಟಿದ್ದು ಅಕಸ್ಮಾತ್ ತಾಗಿತು ಅಂತಲ್ಲ, ರೈತ ಬೀಜ ಕಟ್ಟಿಕೊಂಡು ಹೋಗಿ ಬಿತ್ತಿದ ಹಾಗೆ. ಕೆಲವು ಹೂಗಳೊಳಗೆ ಮೊಟ್ಟೆ ಇಡುತ್ತದೆ, ಅಲ್ಲೇ ಸಾಯುತ್ತದೆ. ಮೊಟ್ಟೆ ಇಟ್ಟ ಹೂವಿನಲ್ಲಿ ಮರಿ ಬೆಳೆಯುತ್ತದೆ, ಇಡದ ಹೂವಿನಲ್ಲಿ ಬೀಜ ಆಗುತ್ತದೆ. ಪಾಲುಗಾರಿಕೆ. ಬಾಡಿಗೆ ಹೂವಿನ ಲೆಕ್ಕದಲ್ಲಿ.

ಕೆಲವು ವಾರ ಕಳೆದ ಮೇಲೆ ಮೊದಲು ಗಂಡುಗಳು ಹೊರಬರುತ್ತವೆ. ರೆಕ್ಕೆ ಇಲ್ಲ, ಕಣ್ಣು ಇದ್ದೂ ಇಲ್ಲದಂಗೆ. ಹೆಣ್ಣುಗಳು ಇನ್ನೂ ತಮ್ಮ ತಮ್ಮ ಹೂವಿನೊಳಗೇ ಇರುವಾಗ ಕೂಡುತ್ತವೆ. ಆಮೇಲೆ ಗಂಡುಗಳು ಕಾಯಿಯ ಗೋಡೆ ಕೊರೆದು ಹೊರದಾರಿ ಮಾಡುತ್ತವೆ. ದಾರಿ ತಮಗಲ್ಲ. ಕೊರೆದು ಸಾಯುತ್ತವೆ. ಕೊರೆದ ತೂತಿನ ಬಾಯಲ್ಲಿ ಇರುವೆಗಳು ಕಾಯುತ್ತಿರುತ್ತವೆ, ಕೆಲವು ಅವುಗಳ ಬಾಯಿಗೇ ಬೀಳುತ್ತವೆ. ಅಷ್ಟರಲ್ಲಿ ಕಾಯಿಯ ಗಂಡು ಹೂಗಳು ಬಲಿತಿರುತ್ತವೆ, ಹೆಣ್ಣುಗಳು ಕಿಸೆ ತುಂಬಿಕೊಂಡು, ಅಣ್ಣತಮ್ಮಂದಿರು ಕೊರೆದ ದಾರಿಯಲ್ಲಿ ಹಾರಿಹೋಗುತ್ತವೆ. ಒಂದೆರಡು ದಿನದ ಆಯಸ್ಸು. ಅಷ್ಟರಲ್ಲಿ ಸರಿಯಾದ ಹದದಲ್ಲಿ ಇರುವ ಇನ್ನೊಂದು ಅತ್ತಿ ಗಿಡ ಸಿಗಬೇಕು. ಗಾಳಿಯನ್ನು ಹಿಡಿದು ಹೋಗುತ್ತವೆ. ಆಫ್ರಿಕಾದ ನಮೀಬಿಯಾದಲ್ಲಿ, ಮರುಭೂಮಿಯ ಹೊಳೆದಂಡೆಯ ಅತ್ತಿ ಜಾತಿಯ ಗಿಡಗಳನ್ನು ಲೆಕ್ಕ ಹಾಕಿ ನೋಡಿದವರು, ಇವು ನೂರು ಕಿಲೋಮೀಟರಿಗಿಂತ ದೂರ ಪರಾಗ ಒಯ್ದದ್ದನ್ನು ಕಂಡಿದ್ದಾರೆ. ಎರಡು ಮಿಲಿಮೀಟರಿನ ಹುಳ! ಇಲ್ಲಿಂದ ಹಾವೇರಿ ದಾಟಿದ ಹಾಗೆ.

ಆಲ, ಅರಳಿ, ಬಸರಿ, ಗೋಣಿ ಎಲ್ಲ ಇದೇ ಮನೆತನ. ಲೋಕದಲ್ಲಿ 750ಕ್ಕಿಂತ ಜಾಸ್ತಿ ಜಾತಿಗಳಿವೆ, ಬಹುತೇಕ ಒಂದೊಂದಕ್ಕೆ ಅದರದೇ ಕಣಜ. ಈ ಸಂಬಂಧ ಸುಮಾರು 7.5 ಕೋಟಿ ವರ್ಷದ್ದು ಅಂತ ಲೆಕ್ಕ. ಅಂದರೆ ಡೈನೋಸಾರ್ ಇದ್ದಾಗಲೇ ಈ ಬೀಗತನ ಆಗಿತ್ತು. ಬೀಗರು ಅಂದ ಮೇಲೆ ಕರೆಯದೆ ಬರುವವರೂ ಇರುತ್ತಾರೆ. ಪರಾಗ ಗಿರಾಗ ಏನೂ ತಾರದೆ, ಹೊರಗೆ ಕೂತು ಉದ್ದ ಸೂಜಿಯಿಂದ ಕಾಯಿ ಕೊರೆದು ಒಳಗಿನ ಮರಿಗಳ ಜಾಗದಲ್ಲಿ ತನ್ನ ಮೊಟ್ಟೆ ಇಟ್ಟು ಹೋಗುವ ಕಳ್ಳ ಕಣಜಗಳಿವೆ. ಕೂದಲಿಗಿಂತ ತೆಳ್ಳಗಿನ ಸೂಜಿ, ಅತ್ತಿ ಕಾಯಿ ಗಟ್ಟಿ, ಮುರಿಯುವುದಿಲ್ಲವಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನೋಡಿದರು, 2014ರಲ್ಲಿ ಪ್ರಕಟಿಸಿದರು. ಸೂಜಿಯ ತುದಿಯಲ್ಲಿ ಸತುವು ಇದೆ, ಲೋಹದ ಸತುವು. ಡ್ರಿಲ್ ಬಿಟ್ಟಿಗೆ ನಾವು ಗಟ್ಟಿ ಲೋಹದ ತುದಿ ಹಾಕುತ್ತೇವಲ್ಲ, ಹಂಗೆ.

ಹಾಗಾದರೆ ಅಂಜೂರ ತಿನ್ನಬೇಕೋ ಬೇಡವೋ ಅಂತ ಉಪವಾಸ ಮಾಡುವವರಿಗೆ ಚಿಂತೆ ಬಂದಿರುತ್ತದೆ. ನಮ್ಮ ಕಡೆ ತೋಟದಲ್ಲಿ ಬೆಳೆಯುವ ಅಂಜೂರ ಕಣಜ ಇಲ್ಲದೆಯೇ ಹಣ್ಣಾಗುವ ತಳಿ. ಆರಾಮಾಗಿ ತಿನ್ನಿ. ಗಾದೆಯನ್ನು ಮಾತ್ರ ಇನ್ನೊಮ್ಮೆ ನೋಡಬೇಕು. ಒಳಗೆ ಹುಳ ಇದೆ ಅಂತ ಹಣ್ಣು ಕೆಟ್ಟದ್ದಲ್ಲ. ಆ ಹುಳ ಇಲ್ಲದಿದ್ದರೆ ಅತ್ತಿಗೆ ಬೀಜ ಇಲ್ಲ, ಬೀಜ ಇಲ್ಲದಿದ್ದರೆ ಗಿಡ ಇಲ್ಲ, ಗಾದೆಗೂ ಗತಿ ಇಲ್ಲ.

ನಡುವೆ ಇದೊಂದು ಸುಮ್ನೆ. ಚೆಂದ ಹಾಡುವ ಹೆಣ್ಣುಮಕ್ಕಳನ್ನು ಕೋಗಿಲೆ ಅನ್ನುತ್ತೇವೆ. ಹಾಡಿನ ಊರು ಇದು, ನಿಮಗೆ ನಾನು ಹೇಳಬೇಕಾಗಿಲ್ಲ, ಆದರೆ ಕುಹೂ ಕುಹೂ ಅನ್ನುವುದು ಗಂಡು, ಆ ಕರ್ರಗಿನದು. ಹೆಣ್ಣಿನ ಮೈ ಕಂದು, ಮೇಲೆ ಬಿಳಿ ಚುಕ್ಕಿ. ಅದು ಕೂಗುವುದು ಕಿಕ್ ಕಿಕ್ ಕಿಕ್ ಅಂತ ಒರಟಾಗಿ, ಕಾಗೆ ಗೂಡಿಗೆ ಕಳ್ಳತನದಲ್ಲಿ ಮೊಟ್ಟೆ ಇಡುವ ಕೆಲಸ ಇರುವಾಗ ರಾಗ ಆಲಾಪಕ್ಕೆ ಪುರುಸೊತ್ತು ಎಲ್ಲಿ.

ಸರಿ, ಮಳೆಗೆ ಬರೋಣ. ರೋಹಿಣಿ ಮುಗಿದು ಮಿರಗ ಹೂಡಿದಾಗ, ಜೂನ್ 7, 8ರ ಸುಮಾರಿಗೆ, ಮೊದಲ ಮಳೆ ಬಿದ್ದ ಮರುದಿನ ಎರೆ ಹೊಲದಲ್ಲಿ, ಬದುವಿನ ಮೇಲೆ ಕೆಂಪು ಮಖಮಲ್ಲಿನ ಗುಂಡಿಯಂಥ ಹುಳ ಓಡಾಡುತ್ತವೆ. ನಾವು ಮಿರಗದ ಹುಳ ಅನ್ನುತ್ತಿದ್ದೆವು. ಕಡ್ಡಿಪೆಟ್ಟಿಗೆಯಲ್ಲಿ ಹಾಕಿಕೊಂಡು ಶಾಲೆಗೆ ಒಯ್ದು ಬೈಸಿಕೊಂಡವರು ಇಲ್ಲಿ ಕಡಿಮೆ ಎಂದರೂ ಹತ್ತು ಜನ ಇದ್ದೀರಿ. ಮಳೆ ಜೊತೆ ಮುಗಿಲಿನಿಂದ ಬೀಳುತ್ತವೆ ಅಂತ ನಂಬಿದ್ದೆವು. ತಪ್ಪೇನಿಲ್ಲ, ನಿನ್ನೆ ಇರಲಿಲ್ಲ, ಇವತ್ತು ಇವೆ, ವಾರದೊಳಗೆ ಮತ್ತೆ ಇಲ್ಲ.

ಇವು ಮೇಲಿನಿಂದ ಬಂದವಲ್ಲ, ಕೆಳಗಿನಿಂದ. ವರ್ಷದ ಬಹುಪಾಲು ಮಣ್ಣೊಳಗೇ ಇರುತ್ತವೆ. ಎಂಟು ಕಾಲು ಎಣಿಸಿ, ಇದು ಕೀಟವೇ ಅಲ್ಲ, ಜೇಡ, ಚೇಳು, ಉಣ್ಣೆಗಳ ನೆಂಟ. ಮೇಲೆ ಬರುವುದಕ್ಕೆ ಕಾರಣ ಎರಡು, ಊಟ ಮತ್ತು ಸಂಸಾರ. ಅದೇ ಮಳೆಗೆ ಹುತ್ತದಿಂದ ರೆಕ್ಕೆ ಗೆದ್ದಲು ಎದ್ದು ದೀಪಕ್ಕೆ ಮುತ್ತುತ್ತವಲ್ಲ, ರೆಕ್ಕೆ ಉದುರಿಸಿ ನೆಲದ ಮೇಲೆ ಹರಿದಾಡುತ್ತವಲ್ಲ, ಅದೇ ಇವುಗಳ ಊಟ. ಬಣ್ಣ ಅಷ್ಟು ಕೆಂಪು ಯಾಕೆ, ಹಕ್ಕಿಗಳ ಕಣ್ಣಿಗೆ ಬೀಳುವುದಿಲ್ಲವಾ? ಬೀಳಲಿ ಅಂತಲೇ. ರುಚಿ ಕೆಟ್ಟದ್ದು, ಕೆಂಪು ಅಂದರೆ ಅಪಾಯದ ಬೋರ್ಡು. ಈ ಗುಂಪಿನ ಕೆಲವು ಜಾತಿಗಳಲ್ಲಿ ಗಂಡು ಹೆಣ್ಣನ್ನು ಮುಟ್ಟುವುದೇ ಇಲ್ಲ. ಕಡ್ಡಿ ಕಸದ ಮೇಲೆ ವೀರ್ಯದ ಹನಿಗಳನ್ನು ಸಣ್ಣ ಕಂಬದ ಮೇಲೆ ನಿಲ್ಲಿಸಿಟ್ಟು, ಅಲ್ಲಿಗೆ ಬರುವ ದಾರಿಗೆ ರೇಷ್ಮೆ ಎಳೆ ಹಾಸುತ್ತದೆ. ಹೆಣ್ಣಿಗೆ ಎಳೆ ಒಪ್ಪಿಗೆಯಾದರೆ ಬಂದು ಹನಿಯ ಮೇಲೆ ಕೂರುತ್ತದೆ. ಇನ್ನೊಂದು ಗಂಡು ಮೊದಲು ಬಂತೋ, ಎಲ್ಲ ಕೆಡವಿ ತನ್ನದು ಹಾಕುತ್ತದೆ. ಗೋಡೆಗೆ ಅಂಟಿಸಿದ ಪೋಸ್ಟರಿನ ಮೇಲೆ ಇನ್ನೊಬ್ಬರು ಪೋಸ್ಟರ್ ಅಂಟಿಸಿದ ಹಾಗೆ.

ಕಪ್ಪೆಯದೂ ಇದೇ ಲೆಕ್ಕ. ಮಳೆ ಬರಲಿ ಅಂತ ನಾವು ಕಪ್ಪೆ ಮದುವೆ ಮಾಡುತ್ತೇವೆ. ಕಪ್ಪೆಯ ಪಂಚಾಂಗದಲ್ಲಿ ಅದು ಉಲ್ಟಾ, ಮಳೆ ಬಂದರೆ ಮದುವೆ. ಬೇಸಿಗೆಯೆಲ್ಲ ಮಣ್ಣೊಳಗೆ ಹೃದಯ, ಉಸಿರು ನಿಧಾನ ಮಾಡಿಕೊಂಡು ಮಲಗಿದ್ದ ದೊಡ್ಡ ಕಪ್ಪೆಯ ಗಂಡು, ಮೊದಲ ದೊಡ್ಡ ಮಳೆಗೆ ಎದ್ದು ನಿಂಬೆ ಹಳದಿ ಬಣ್ಣಕ್ಕೆ ತಿರುಗುತ್ತದೆ, ಗಂಟಲ ಎರಡೂ ಕಡೆ ನೀಲಿ ಚೀಲ. ಅರಿಶಿಣ ಹಚ್ಚಿಸಿಕೊಂಡ ಮದುಮಗನೇ. ಅದನ್ನು ನೋಡಿಯೇ ನಮ್ಮವರಿಗೆ ಮದುವೆಯ ನೆನಪು ಬಂದಿರಬೇಕು ಅಂತ ನನಗೆ ಗುಮಾನಿ.

ಇನ್ನೊಂದು ಊರಿಗೆ ಹೋಗಿ ಮುಗಿಸುತ್ತೇನೆ. ಮಾಗಡಿ ಕೆರೆ, ಗದಗದಿಂದ ಸುಮಾರು 26 ಕಿಲೋಮೀಟರ್, ಶಿರಹಟ್ಟಿ ತಾಲೂಕು. 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು, ಅಂದರೆ ಲೋಕದ ಮುಖ್ಯ ಜೌಗು ನೆಲಗಳ ಸಾಲಿಗೆ. ಚಳಿಗಾಲದಲ್ಲಿ ಅಲ್ಲಿ ಬೆಳಿಗ್ಗೆ ಆರಕ್ಕೆ ಹೋಗಿ ನಿಂತರೆ, ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಕೆರೆಗೆ ವಾಪಸ್ ಬರುವುದು ಕಾಣುತ್ತದೆ. ತಲೆಯ ಹಿಂದೆ ಎರಡು ಕರಿ ಪಟ್ಟೆ, ವಿಭೂತಿ ತಪ್ಪಿ ಹಿಂದೆ ಹಚ್ಚಿದಂಗೆ, ಬಣ್ಣ ಮಾತ್ರ ಕರಿ. ಎಲ್ಲಿಂದ ವಾಪಸ್? ಹೊಲದಿಂದ. ರಾತ್ರಿಯೆಲ್ಲ ಕಡಲೆ, ಶೇಂಗಾ ಹೊಲದಲ್ಲಿ ಮೇಯ್ದು, ಹಗಲು ಕೆರೆಯಲ್ಲಿ ನಿದ್ದೆ. ಅಲ್ಲೊಬ್ಬ ಅಜ್ಜ ನನಗೆ ಹೇಳಿದ, "ನಮ್ಮ ಕಡ್ಲಿ ತಿಂತಾವ್ರೀ, ಖರೇ. ಆದ್ರ ಅಷ್ಟು ದೂರದಿಂದ ಬಂದಾವು, ಬೀಗರು ಬಂದ್ರ ಅಳತಿ ಮಾಡಿ ನೀಡಾಕ ಆಗತೈತೇನು?"

ಎಷ್ಟು ದೂರದಿಂದ? ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ನಡುವೆ ಹಿಮಾಲಯ ಇದೆ. ಎವರೆಸ್ಟಿನ ನೆತ್ತಿಯ ಮೇಲೆಯೇ ಹಾರುತ್ತವೆ ಅಂತ ಹೇಳುವ ರೂಢಿ ಬಹಳ ಕಾಲದಿಂದ ಇದೆ. ಇದೂ ಅರ್ಧ ಸರಿ. ಹಕ್ಕಿಗಳ ಮೈಗೆ ಯಂತ್ರ ಕಟ್ಟಿ ಅಳೆದಾಗ 7,000 ಮೀಟರ್ ದಾಟಿದ ದಾಖಲೆ ಸಿಕ್ಕಿದೆ, ಆದರೆ ಬಹುತೇಕ ಹೊತ್ತು 6,000ಕ್ಕಿಂತ ಕೆಳಗೇ, ಕಣಿವೆ ಹಿಡಿದು ಹೋಗುತ್ತವೆ. 2015ರಲ್ಲಿ ಪ್ರಕಟವಾದ ಅಳತೆಯಲ್ಲಿ ಇನ್ನೊಂದು ಗೊತ್ತಾಯಿತು. ಅವು ಒಮ್ಮೆ ಎತ್ತರಕ್ಕೆ ಏರಿ ಅಲ್ಲೇ ನೆಟ್ಟಗೆ ಹೋಗುವುದಿಲ್ಲ. ಗುಡ್ಡ ಏರಿದರೆ ಏರುತ್ತವೆ, ಇಳಿದರೆ ಇಳಿಯುತ್ತವೆ. ಕಷ್ಟಪಟ್ಟು ಏರಿದ ಎತ್ತರವನ್ನು ಯಾಕೆ ಬಿಡಬೇಕು, ದಂಡ ಅಲ್ವಾ ಅನಿಸುತ್ತದೆ. ದಂಡ ಅಲ್ಲ. ಮೇಲೆ ಗಾಳಿ ತೆಳು, ರೆಕ್ಕೆಗೆ ಆನಿಕೆ ಸಿಗುವುದಿಲ್ಲ, ಅಲ್ಲೇ ಹಾರುತ್ತ ಇರುವುದೇ ಹೆಚ್ಚು ದುಬಾರಿ. ಬೀಸುವ ಗಾಳಿಯ ನೆರವಿಗೂ ಕಾಯುವುದಿಲ್ಲ. ರಾತ್ರಿ ಮತ್ತು ನಸುಕಿನಲ್ಲಿ, ಗಾಳಿ ತಣ್ಣಗೆ, ಸ್ವಲ್ಪ ದಟ್ಟ ಇರುವಾಗ ಹೊರಟು ಏಳೆಂಟು ಗಂಟೆಯಲ್ಲಿ ಹಿಮಾಲಯ ಏರಿಬಿಡುತ್ತವೆ. ನಮ್ಮವರು ಅಷ್ಟು ಎತ್ತರಕ್ಕೆ ಹೊಂದಿಕೊಳ್ಳಲು ವಾರಗಟ್ಟಲೆ ಬೇಸ್ ಕ್ಯಾಂಪಿನಲ್ಲಿ ಕೂರಬೇಕು.

ಹೆಂಗೆ ಸಾಧ್ಯ? 5,500 ಮೀಟರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಅರ್ಧ. ಅಲ್ಲಿ ನಾವು ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತೇವೆ. ನಮ್ಮ ಉಸಿರಾಟದ ಕಟ್ಟಡವೇ ಸ್ವಲ್ಪ ದಡ್ಡತನದ್ದು. ಒಳಗೆ ಹೋದ ದಾರಿಯಲ್ಲೇ ಗಾಳಿ ವಾಪಸ್ ಬರಬೇಕು, ಹಳೆ ಗಾಳಿ ಪೂರ್ತಿ ಖಾಲಿ ಆಗುವುದೇ ಇಲ್ಲ, ಹೊಸದು ಅದರಲ್ಲೇ ಕಲಸಿಕೊಳ್ಳುತ್ತದೆ. ಒಂದೇ ಬಾಗಿಲ ಅಂಗಡಿ, ಹಬ್ಬದ ದಿನ. ಹಕ್ಕಿಗಳಲ್ಲಿ ಹಾಗಲ್ಲ. ಶ್ವಾಸಕೋಶದ ಹಿಂದೆ ಮುಂದೆ ಗಾಳಿಚೀಲಗಳಿವೆ. ಎಳೆದ ಗಾಳಿಯ ಬಹುಪಾಲು ಮೊದಲು ಹಿಂದಿನ ಚೀಲಕ್ಕೆ, ಉಸಿರು ಬಿಡುವಾಗ ಅಲ್ಲಿಂದ ಶ್ವಾಸಕೋಶಕ್ಕೆ, ಮುಂದಿನ ಉಸಿರಿಗೆ ಮುಂದಿನ ಚೀಲಕ್ಕೆ, ಆಮೇಲೆ ಹೊರಗೆ. ಶ್ವಾಸಕೋಶದಲ್ಲಿ ಗಾಳಿ ಸದಾ ಒಂದೇ ದಿಕ್ಕಿಗೆ ಹರಿಯುತ್ತದೆ. ಎಳೆದುಕೊಳ್ಳುವಾಗಲೂ ತಾಜಾ ಗಾಳಿ, ಬಿಡುವಾಗಲೂ ತಾಜಾ ಗಾಳಿ. ಇದು ಗುಬ್ಬಿಗೂ ಇದೆ, ಕೋಳಿಗೂ ಇದೆ. ಹೆಬ್ಬಾತಿಗೆ ಇದರ ಮೇಲೆ ಇನ್ನೊಂದು. ರಕ್ತದ ಹಿಮೋಗ್ಲೋಬಿನ್ನಿನಲ್ಲಿ, ನೆಲಮಟ್ಟದ ಅದರ ನೆಂಟ ಬಾತುಗಳಿಗೆ ಹೋಲಿಸಿದರೆ, ಬೆರಳೆಣಿಕೆಯಷ್ಟು ಕಡೆ ಸಣ್ಣ ಬದಲಾವಣೆ ಆಗಿದೆ. ಅಷ್ಟಕ್ಕೇ ಅದು ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಜಗ್ಗಿ ಹಿಡಿಯುತ್ತದೆ. ಸ್ನಾಯುಗಳಲ್ಲಿ ರಕ್ತದ ಸಣ್ಣ ನಾಳಗಳೂ ಜಾಸ್ತಿ. ಇಷ್ಟೆಲ್ಲ ಹೊತ್ತುಕೊಂಡು ಬಂದು, ಅಜ್ಜನ ಕಡಲೆ ಹೊಲದಲ್ಲಿ ತಲೆ ಬಗ್ಗಿಸಿ ಮೇಯುತ್ತದೆ.

ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಇನ್ನು ಮಾತು ಸಾಕು, ಒಂದು ನೋಡುವುದಿದೆ.

ಏಪ್ರಿಲ್ ತಿಂಗಳಲ್ಲಿ ನಮ್ಮ ಕಂಪೌಂಡ್ ಗೋಡೆಯ ಮೇಲಿನ ಹಾವಸೆ ಒಣಗಿ ಗರಿಗರಿ ಆಗಿತ್ತು. ಅದನ್ನು ಕಿತ್ತು ಹಳೆ ಮದುವೆ ಕಾರ್ಡಿನ ಲಕೋಟೆಯಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದೆ. ನಿನ್ನೆ ರಾತ್ರಿ ಒಂದು ಬಟ್ಟಲಿನಲ್ಲಿ ಹಾಕಿ ಮಳೆ ನೀರು ಬಿಟ್ಟೆ. ಇವತ್ತು ಬೆಳಿಗ್ಗೆ ಅದನ್ನು ಹಿಂಡಿ ಒಂದು ಹನಿ ತೆಗೆದು ನೋಡಿದರೆ, ಇದ್ದಾನೆ. ನೀರುಕರಡಿ. ಅರ್ಧ ಮಿಲಿಮೀಟರ್ ಕೂಡ ಇಲ್ಲ, ಎಂಟು ಮೊಂಡು ಕಾಲು, ಕಾಲಿಗೆ ಉಗುರು, ನಿದ್ದೆಗಣ್ಣಿನಲ್ಲಿ ಚಾದರ ಒದೆಯುವ ಕೂಸಿನ ಹಾಗೆ ಒದೆಯುತ್ತಾನೆ. ನೀರು ಒಣಗಿದರೆ ಕಾಲು ಒಳಗೆಳೆದುಕೊಂಡು ಸಣ್ಣ ಪೀಪಾಯಿಯಂತೆ ಮುದುಡುತ್ತಾನೆ, ಮೈಯಲ್ಲಿ ನೀರು ಬಹುತೇಕ ಇಲ್ಲವೇ ಇಲ್ಲ ಅನ್ನುವಷ್ಟು, ಜೀವದ ಕೆಲಸ ಬಂದ್. 2007ರಲ್ಲಿ ಇವರನ್ನು ಹಿಂಗೇ ಒಣಗಿಸಿ ರಾಕೆಟ್ಟಿನಲ್ಲಿ ಬಾಹ್ಯಾಕಾಶಕ್ಕೆ ಒಯ್ದು ಹೊರಗೆ ತೆರೆದಿಟ್ಟಿದ್ದರು. ವಾಪಸ್ ತಂದು ನೀರು ಹಾಕಿದಾಗ ಹಲವರು ಎದ್ದರು. ಅಂಟಾರ್ಟಿಕಾದಲ್ಲಿ 1983ರಲ್ಲಿ ಕಿತ್ತು ಫ್ರೀಜರಿನಲ್ಲಿ ಇಟ್ಟ ಹಾವಸೆಯಿಂದ, ಮೂವತ್ತು ವರ್ಷದ ಮೇಲೆ ಜಪಾನಿನವರು ಇಬ್ಬರನ್ನು ಎಬ್ಬಿಸಿದರು. ಸಾವೇ ಇಲ್ಲ ಅಂತೇನಲ್ಲ. ಎಚ್ಚರ ಇರುವಾಗ ಬಿಸಿ ನೀರು ಸಾಕು ಸಾಯಿಸಲು, ಅದಕ್ಕೆ ಯಾರೂ ಚಹಾ ಕಪ್ಪನ್ನು ಆ ಮೇಜಿನ ಮೇಲೆ ಇಡಬೇಡಿ.

ಹಿಂದೆ ಕಿಟಕಿ ಪಕ್ಕ ಸೂಕ್ಷ್ಮದರ್ಶಕ ಇಟ್ಟಿದ್ದೇನೆ. ಸಣ್ಣವರು ಮೊದಲು, ಸಾಲಾಗಿ ಬನ್ನಿ, ಒಬ್ಬೊಬ್ಬರೇ, ಗಾಜಿಗೆ ಕೈ ಹಚ್ಚಬೇಡಿ. ಕಾಣದಿದ್ದರೆ ನನ್ನನ್ನು ಕರೆಯಿರಿ, ಆ ಹುಡುಗ ತೆವಳಿಕೊಂಡು ಹಾವಸೆ ಎಲೆಯ ಹಿಂದೆ ಹೋಗಿರುತ್ತಾನೆ.